ಅಜ್ಜನ ಕೋವಿಗೆ ಪಾಲಿಶ್ ಹೊಡೆಸಬೇಡಿ

ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಅದರ ಬೆನ್ನಿಗೇ ನನಗೆ ಪ್ರಶ್ನೆಗಳೂ ಬರುತ್ತವೆ. ಹೆಸರು, ಊರು ಬೇರೆಯಾದರೂ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ಸಲ ಅದಕ್ಕೇ ಜಾಗ ಕೊಟ್ಟಿದ್ದೇನೆ, ಉಳಿದವರು ಸಿಕ್ಕಷ್ಟರಲ್ಲಿ ಸುಧಾರಿಸಿಕೊಳ್ಳಬೇಕು.

ಪ್ರಶ್ನೆ: ಅಜ್ಜನ ಕಾಲದ ಇಂಗ್ಲಿಷ್ ಡಬಲ್ ಬ್ಯಾರೆಲ್ 12 ಬೋರ್ ಕೋವಿ ಇದೆ. ನಳಿಗೆ ಕಂದುಗಟ್ಟಿದೆ, ಮರ ಮಾಸಿದೆ. ಬಫ್ ಮಾಡಿ, ಹೊಸ ಕಪ್ಪು ಕೊಟ್ಟು, ಹಿಡಿಗೆ ವಾರ್ನಿಶ್ ಹೊಡೆದರೆ ಬೆಲೆ ದುಪ್ಪಟ್ಟಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಮಾಡಿಸಲೇ? (ಪೊನ್ನಂಪೇಟೆ)

ಉತ್ತರ: ಬೇಡ. ದುಪ್ಪಟ್ಟಾಗುವುದು ಅವನ ಸಂಪಾದನೆ.

ಹಳೆಯ ಕೋವಿಗೆ ಎರಡು ತರಹದ ಗಿರಾಕಿಗಳಿದ್ದಾರೆ. ಒಬ್ಬನಿಗೆ ಈಡು ಹೊಡೆಯಲು ಕೋವಿ ಬೇಕು. ಅವನು ಹೊಳಪಿಗೆ ಮರುಳಾದರೂ ಆಗಬಹುದು. ಇನ್ನೊಬ್ಬ ಸಂಗ್ರಹಕಾರ. ನಿಜವಾದ ದುಡ್ಡು ಕೊಡುವವನು ಇವನೇ, ಇವನು ಹೊಳಪು ಕಂಡರೆ ಹಿಂದೆ ಸರಿಯುತ್ತಾನೆ. ತಯಾರಕರ ಕೈಯಿಂದ ಹೊರಟಾಗ ಇದ್ದದ್ದರಲ್ಲಿ ಎಷ್ಟು ಉಳಿದಿದೆ ಎಂಬುದಕ್ಕೆ ಅವನು ಬೆಲೆ ಕಟ್ಟುತ್ತಾನೆ. 1980ರ ದಶಕದ ನಡುವಿನಿಂದ ವಿದೇಶಿ ಕೋವಿಗಳ ಆಮದು ಹೆಚ್ಚುಕಡಿಮೆ ನಿಂತೇ ಹೋಗಿರುವುದರಿಂದ ನಮ್ಮಲ್ಲಿ ಇಂಗ್ಲಿಷ್ ಕೋವಿಗಳಿಗೆ ಬೇಡಿಕೆ ಇದೆ, ನಿಜ. ಆದರೆ ಆ ಬೇಡಿಕೆ ಬಫಿಂಗ್ ಚಕ್ರದ ಅಡಿಗೆ ಸಿಕ್ಕಿದ ಕೋವಿಗಲ್ಲ.

ಚಕ್ರ ಏನು ಮಾಡುತ್ತದೆ ಕೇಳಿ. ಕೆತ್ತನೆಯ ಗೆರೆಗಳು ಮಸುಕಾಗುತ್ತವೆ, ಚೂಪಾಗಿದ್ದ ಅಂಚುಗಳು ಉರುಟಾಗುತ್ತವೆ. ಆಕ್ಷನ್ (ನಳಿಗೆಯ ಹಿಂದಿನ ಯಂತ್ರಭಾಗ) ಮೇಲೆ ಮೂಳೆ-ಇದ್ದಿಲಿನ ಗಟ್ಟಿಗೊಳಿಸುವಿಕೆಯಿಂದ ಬಂದ ನೀಲಿ-ಕಂದು ಛಾಯೆ ಅಳಿಸಿಹೋಗುತ್ತದೆ. ಆಮೇಲೆ ಗ್ಯಾಸ್ ಬೆಂಕಿ ಹಿಡಿದು ಆ ಛಾಯೆಯನ್ನು ನಕಲು ಮಾಡುವವರೂ ಇದ್ದಾರೆ, ಕಣ್ಣಿದ್ದವನಿಗೆ ಆ ಮೋಸ ದೂರದಿಂದಲೇ ಗೊತ್ತಾಗುತ್ತದೆ. ನಳಿಗೆಯ ಅಡಿಯ ಚಪ್ಪಟೆ ಭಾಗದಲ್ಲಿರುವ ಪ್ರೂಫ್ ಮುದ್ರೆಗಳೂ (ನಳಿಗೆ ಒತ್ತಡದ ಪರೀಕ್ಷೆ ಪಾಸಾದ ಗುರುತು) ಸವೆಯುತ್ತವೆ. ಕ್ರಮಸಂಖ್ಯೆ ಅಳಿಸಿಹೋದರಂತೂ ಬೆಲೆಯ ಮಾತಿರಲಿ, ಗುರುತಿನ ಸಂಖ್ಯೆ ಅಳಿಸಬಾರದೆನ್ನುವ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ಎದುರು ನಿಲ್ಲುತ್ತದೆ. ತಯಾರಕರ ಹಳೆಯ ಲೆಡ್ಜರುಗಳಲ್ಲಿ ಕೋವಿಯ ಜಾತಕ ಹುಡುಕುವುದೂ ಆ ಸಂಖ್ಯೆಯಿಂದಲೇ. ಪರ್ಡಿ, ವೆಸ್ಟ್ಲಿ ರಿಚರ್ಡ್ಸ್‌ನಂಥ ಹೆಸರಿನ ಕೋವಿ ನಿಮ್ಮದಾಗಿದ್ದರೆ ಆ ಜಾತಕಕ್ಕೇ ಅರ್ಧ ಬೆಲೆ.

ಇನ್ನು ‘ಹೊಸ ಕಪ್ಪು’. ಜೋಡಿ ನಳಿಗೆಗೆ ಸರಿಯಾದ ಕಪ್ಪು ಬರುವುದು ನಿಧಾನಕ್ಕೆ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ದಿನಗಟ್ಟಲೆ ಅದನ್ನೇ ಮತ್ತೆ ಮತ್ತೆ ಮಾಡಿದಾಗ. ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುವವನು ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಅದ್ದುತ್ತಾನೆ. ಎರಡು ನಳಿಗೆಗಳ ನಡುವಿನ ಪಟ್ಟಿ, ಅಂದರೆ ರಿಬ್, ಸೀಸ-ತವರದ ಬೆಸುಗೆಯ ಮೇಲೆ ನಿಂತಿರುತ್ತದೆ, ಆ ದ್ರಾವಣ ಬೆಸುಗೆಯನ್ನೇ ತಿನ್ನುತ್ತದೆ. ರಿಬ್ಬಿನ ಅಡಿಗೆ ಇಳಿದದ್ದು ಒಳಗಿಂದೊಳಗೇ ತುಕ್ಕು ಹಬ್ಬಿಸುತ್ತದೆ. ಅಂಥ ನಳಿಗೆಯನ್ನು ಒಂದು ಬೆರಳಿನಲ್ಲಿ ತೂಗಿಹಿಡಿದು ತಟ್ಟಿ ನೋಡಿ. ಗಂಟೆಯಂತೆ ಮೊಳಗದೆ ಒಡಕು ಸದ್ದು ಬಂದರೆ ರಿಬ್ ಸಡಿಲಾಗಿದೆ ಎಂದೇ ಅರ್ಥ.

ನಳಿಗೆಯ ಒಳಗಿನ ತುಕ್ಕಿನ ಕುಳಿಗಳನ್ನು ಉಜ್ಜಿ ತೆಗೆಸುವುದು ಇದಕ್ಕಿಂತ ಅಪಾಯ. ನಮ್ಮ ಮಳೆಗಾಲ ಕಂಡ ಯಾವ ನಳಿಗೆಯಲ್ಲಿ ಕುಳಿ ಇಲ್ಲ? ಕುಳಿ ಹೋಗಬೇಕಾದರೆ ಅದರ ಸುತ್ತಲಿನ ಲೋಹವೂ ಹೋಗಬೇಕು. ಹೋದ ಲೋಹವನ್ನು ಯಾವ ದೈವವೂ ತಂದುಕೊಡುವುದಿಲ್ಲ. ಹಳೆಯ ಬ್ರಿಟಿಷ್ ಕೋವಿಗಳಲ್ಲಿ ‘12’ ಎಂಬ ಬೋರ್ ಮುದ್ರೆ ಇದ್ದರೆ ಪರೀಕ್ಷೆಯ ದಿನ ಒಳವ್ಯಾಸ .729 ಇಂಚಿನಿಂದ ಮೇಲೆ, .740ಕ್ಕಿಂತ ಕೆಳಗೆ ಇತ್ತೆಂದು ಲೆಕ್ಕ. ಈಗ ಅಳೆದಾಗ .740 ದಾಟಿದರೆ ಯಾರೋ ಕೈಯಾಡಿಸಿದ್ದಾರೆ, ಆ ಮುದ್ರೆಯನ್ನು ಇನ್ನು ನಂಬುವಂತಿಲ್ಲ. ನಳಿಗೆಯ ಗೋಡೆ .020 ಇಂಚಿಗಿಂತ ತೆಳುವಾದ ಕೋವಿಯನ್ನು ತಿಳಿದವರು ಕೈಗೆ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಚೇಂಬರ್ (ತೋಟಾ ಕೂರುವ ಜಾಗ) ಉದ್ದ ಮಾಡಿಸುವುದೂ ಇದೇ ಜಾತಿಯ ಕೆಲಸ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅನೇಕ ಇಂಗ್ಲಿಷ್ ಕೋವಿಗಳ ಚೇಂಬರ್ ಎರಡೂವರೆ ಇಂಚು. 70 ಮಿ.ಮೀ. ತೋಟಾ ಹಾಕಲೆಂದು ಅದನ್ನು ಕೊರೆಸಿದರೆ, ಒತ್ತಡ ಹೆಚ್ಚಿರುವ ಜಾಗದಲ್ಲೇ ಗೋಡೆ ತೆಳುವಾಗುತ್ತದೆ.

ಹಾಗಾದರೆ ಏನೂ ಮಾಡಬಾರದೇ? ಮಾಡಬಹುದು, ಬೇಕೆಂದಾಗ ಮೊದಲಿನಂತೆ ಮಾಡಬಹುದಾದದ್ದನ್ನು ಮಾತ್ರ. ಮುರಿದ ಸ್ಪ್ರಿಂಗ್, ಸವೆದ ಸ್ಟ್ರೈಕರ್ (ತೋಟಾಕ್ಕೆ ಬಡಿಯುವ ಮೊಳೆ) ಬದಲಿಸಿ, ಹಳೆಯದನ್ನು ಡಬ್ಬಿಯಲ್ಲಿಟ್ಟುಕೊಳ್ಳಿ. ಹಿಡಿ ಗಿಡ್ಡವಾಗಿದ್ದರೆ ಮರದ ತುಂಡು ಸೇರಿಸಿ ಉದ್ದ ಮಾಡಿಸಬಹುದು, ಆದರೆ ರಬ್ಬರ್ ಪ್ಯಾಡಿಗಾಗಿ ಮೂಲ ಮರ ಕತ್ತರಿಸಬೇಡಿ. ಮಾಸಿದ ಮರವನ್ನು ಶುಚಿಮಾಡಿ, ಅಗಸೆ ಎಣ್ಣೆಯನ್ನು ಬೆರಳ ತುದಿಯಷ್ಟೇ ತೆಗೆದುಕೊಂಡು ಅಂಗೈಯಿಂದ ತಿಕ್ಕಿ. ವಾರ್ನಿಶ್ ಮಂಚಕ್ಕೆ. ನಳಿಗೆಯ ಮೇಲಿನ ಕಂದು ಬಣ್ಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಉಳಿದದ್ದು ಉಳಿಯಲಿ. ಸ್ಕ್ರೂಗಳನ್ನು ಗ್ಯಾರೇಜಿನ ಡ್ರೈವರಿನಿಂದ ಮುಟ್ಟಿಸಬೇಡಿ. ಹರಿದ ಸ್ಕ್ರೂ ತಲೆ ಕಂಡರೆ ಒಳಗೆ ಇನ್ನೇನೇನಾಗಿದೆಯೋ ಎಂದು ಗಿರಾಕಿ ಅಲ್ಲೇ ಅನುಮಾನಿಸುತ್ತಾನೆ. ರಿಪೇರಿಗೂ ಪರವಾನಗಿ ಬೇಕು, ನಿಮ್ಮ ಮೆಕ್ಯಾನಿಕ್ಕಿಗೆ ಇದೆಯೇ, ಮೊದಲು ಕೇಳಿ.

ಪ್ರಶ್ನೆ: ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಕೋವಿ ಉದ್ದವಾಯಿತು. ಕೊಡವರಾದ ನಮಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ನಳಿಗೆ ಕತ್ತರಿಸಬಹುದೇ? (ನಾಪೋಕ್ಲು)

ಉತ್ತರ: 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಗರಗಸ ಆಡಿಸುವುದಕ್ಕಲ್ಲ. ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನಡಿ ಅಪರಾಧ. ಕತ್ತರಿಸಿದರೆ ಚೋಕ್ (ಮೂತಿಯ ಬಳಿ ನಳಿಗೆ ಕಿರಿದಾಗುವ ಭಾಗ) ಹೋಗುತ್ತದೆ, ಮೂತಿಯಲ್ಲಿ ಎರಡು ನಳಿಗೆಗಳ ನಡುವೆ ಸಂದು ಕಾಣುತ್ತದೆ. ಸಂಗ್ರಹಕಾರ ಮೊದಲು ನೋಡುವುದೇ ಅಲ್ಲಿ.

ಪ್ರಶ್ನೆ: ಡಮಾಸ್ಕಸ್ (ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ) ನಳಿಗೆಯ ಚಿತ್ತಾರವನ್ನು ಆಸಿಡ್ ಹಾಕಿ ಎಬ್ಬಿಸಿ, ಈಗಿನ ತೋಟಾ ಹೊಡೆಯಬಹುದೇ? (ಸೋಮವಾರಪೇಟೆ)

ಉತ್ತರ: ಎರಡೂ ಬೇಡ. ನೈಟ್ರೋ (ಹೊಗೆರಹಿತ ಮದ್ದಿನ) ಪರೀಕ್ಷೆ ಪಾಸಾದ ಡಮಾಸ್ಕಸ್ ಇವೆ ಎಂದು ವಾದಿಸಬೇಡಿ, ಇವೆ. ಅಂದಿದ್ದ ದಪ್ಪ ಇಂದೂ ಇದೆ ಎಂದು ಅಳೆದು ಹೇಳಿದವರು ಯಾರು? ಅಂದಹಾಗೆ ಸಾದಾ ಉಕ್ಕಿನ ಮೇಲೆ ಚಿತ್ತಾರ ಬರೆದ ಅಗ್ಗದ ನಳಿಗೆಗಳೂ ಬೇಕಾದಷ್ಟು ಬಂದಿವೆ. ಆಸಿಡ್ ಹಾಕಿದರೆ ಅಂಥದ್ದರ ಬಣ್ಣ ಬಯಲಾಗುತ್ತದೆ, ಅಷ್ಟೆ.

ಪ್ರಶ್ನೆ: ಕೋವಿಯ ಮೇಲೆ ಕಲ್ಕತ್ತಾದ ಮ್ಯಾಂಟನ್ ಹೆಸರಿದೆ. ಅಲ್ಲೇ ಮಾಡಿದ್ದೇ? (ಮೂರ್ನಾಡು)

ಉತ್ತರ: ಹೆಸರು ಅಂಗಡಿಯದಿರಬಹುದು. ರೊಡ್ಡಾ, ಲಯನ್ ಆಂಡ್ ಲಯನ್ ಹೆಸರಿನವೂ ಹಾಗೆಯೇ. ನಳಿಗೆ ಕಳಚಿ ಅಡಿಯ ಮುದ್ರೆ ನೋಡಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಂಡರೆ ಆಶ್ಚರ್ಯಪಡಬೇಡಿ.

ಪ್ರಶ್ನೆ: ಪೂಜೆಯ ದಿನ ಕೋವಿಗೆ ಗಂಧ ಹಚ್ಚಿ ಮೂತಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೇವೆ. ಹಾನಿಯೇ? (ವಿರಾಜಪೇಟೆ)

ಉತ್ತರ: ಪೂಜೆಯಿಂದಲ್ಲ, ಪೂಜೆ ಮುಗಿದ ಮೇಲಿನ ಸೋಮಾರಿತನದಿಂದ. ಅಂದೇ ಒರೆಸಿ, ತೆಳ್ಳಗೆ ಎಣ್ಣೆ ಕೊಟ್ಟು, ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಎಣ್ಣೆ ಹಿಂದಕ್ಕೆ ಇಳಿದರೆ ಹಿಡಿಯ ಮರ ಮೆತ್ತಗಾಗುತ್ತದೆ. ತೆಂಗಿನೆಣ್ಣೆ ಬೇಡ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯುವುದಂತೂ ಬೇಡವೇ ಬೇಡ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ, ಬೆಲೆ ಹೇಳಿ. (ಹಲವರು)

ಉತ್ತರ: ಹೇಳುವುದಿಲ್ಲ. ಗೋಡೆಯ ದಪ್ಪ ಫೋಟೊದಲ್ಲಿ ಕಾಣುವುದಿಲ್ಲ.