ಓದುಗರ ಪ್ರಶ್ನೆ: ದೇವಲಿ ಶಿಬಿರದಲ್ಲಿದ್ದವರು ಯಾವ ದೇಶದವರು?

ಪ್ರಶ್ನೆ: 1962ರ ಯುದ್ಧದ ಹೊತ್ತಿಗೆ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀಯರನ್ನು ರಾಜಸ್ಥಾನದಲ್ಲಿ ಕೂಡಿಹಾಕಿದ್ದರಂತೆ. ಅವರು ಗೂಢಚಾರರಾಗಿದ್ದರೇ? ಕಾನೂನಿನ ಲೆಕ್ಕದಲ್ಲಿ ಯಾವ ದೇಶದವರು?
– ಓದುಗರು, ಶಿವಮೊಗ್ಗ

ಉತ್ತರ: ಗೂಢಚಾರರೋ ಅಲ್ಲವೋ ಎಂದು ಯಾರೂ ವಿಚಾರಿಸಲೇ ಇಲ್ಲ. ವಿಚಾರಣೆಯಿಲ್ಲದೆ ಸುಮಾರು 3,000 ಜನರನ್ನು ಕೋಟಾ ಸಮೀಪದ ದೇವಲಿಗೆ ಸಾಗಿಸಿದರು. ಅವರಲ್ಲಿ ಕೂಸುಗಳೂ ಇದ್ದವು, ನಡೆಯಲಾರದ ಮುದುಕರೂ ಇದ್ದರು. ಅಸ್ಸಾಮಿನ ಮಾಕುಮ್‌ನಲ್ಲಿ ಬಂಧನ ನಡೆದದ್ದು ನವೆಂಬರ್ 19ರಂದು. ಎರಡೇ ದಿನಕ್ಕೆ, 21ರಂದು, ಚೀನಾ ಕದನವಿರಾಮ ಘೋಷಿಸಿತು. ಆದರೆ ರೈಲು ಒಂದು ವಾರ ಓಡಿ ದೇವಲಿ ಸೇರಿತು, ಕೊನೆಯವರು ಬಿಡುಗಡೆಯಾದದ್ದು 1967ರಲ್ಲಿ. ಅಂದರೆ ಸೆರೆವಾಸದ ಬಹುಭಾಗ ಕಳೆದದ್ದು ಯುದ್ಧ ಮುಗಿದ ಮೇಲೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜಪಾನಿ ನಾಗರಿಕರನ್ನು ಇಟ್ಟಿದ್ದೂ ಇದೇ ದೇವಲಿಯಲ್ಲಿ.

ಇದು ಹೇಗೆ ಸಾಧ್ಯವಾಯಿತು? ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಬಂತು. ಭಾರತ ರಕ್ಷಣಾ ಕಾನೂನಿನಡಿ 'ಶತ್ರು ಮೂಲದವರು' ಎಂಬ ಅನುಮಾನವೇ ಬಂಧನಕ್ಕೆ ಸಾಕಾಯಿತು. ಆಗ ಹೊರಟ ಆದೇಶಗಳು ತಂದೆ ತಾಯಿಯನ್ನಷ್ಟೇ ಅಲ್ಲ, ಅಜ್ಜ ಅಜ್ಜಿಯರ ಮೂಲವನ್ನೂ ಲೆಕ್ಕಕ್ಕೆ ತೆಗೆದುಕೊಂಡವು. ಕೋರ್ಟಿಗೆ ಹೋಗೋಣವೆಂದರೆ, ನವೆಂಬರ್ 3ರ ರಾಷ್ಟ್ರಪತಿ ಆದೇಶ ಈ ಕಾನೂನಿನಡಿ ಬಂಧಿತರಾದವರಿಗೆ ಸಂವಿಧಾನದ 21 ಮತ್ತು 22ನೇ ವಿಧಿಗಳ (ಜೀವ, ಸ್ವಾತಂತ್ರ್ಯದ ಹಕ್ಕು ಮತ್ತು ಬಂಧಿತರಿಗಿರುವ ರಕ್ಷಣೆ) ಬಾಗಿಲನ್ನೇ ಮುಚ್ಚಿತ್ತು.

ಪೌರತ್ವದ ಮಾತಿಗೆ ಬಂದರೆ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಆಗ ಹೇಳುತ್ತಿದ್ದದ್ದು ಇಷ್ಟು: 1950ರ ಜನವರಿ 26ರಂದು ಅಥವಾ ಆಮೇಲೆ ಭಾರತದಲ್ಲಿ ಹುಟ್ಟಿದವರು ಭಾರತೀಯರು. ವಿನಾಯಿತಿ ಎರಡೇ. ತಂದೆ ವಿದೇಶಿ ರಾಜತಾಂತ್ರಿಕನಾಗಿರಬೇಕು. ಇಲ್ಲವೇ ಶತ್ರುದೇಶದ ಪ್ರಜೆಯಾಗಿದ್ದು, ಮಗು ಶತ್ರುವಿನ ವಶದಲ್ಲಿದ್ದ ಜಾಗದಲ್ಲೇ ಹುಟ್ಟಿರಬೇಕು. ಮಾಕುಮ್‌ನಲ್ಲಿ 1951ರಲ್ಲಿ ಹುಟ್ಟಿದ ಹುಡುಗಿಗೆ ಇವೆರಡೂ ಅನ್ವಯಿಸುವುದಿಲ್ಲ. ಆಕೆ ನಮ್ಮ ನಿಮ್ಮ ಹಾಗೆಯೇ ಭಾರತೀಯಳು. ಆದರೂ ಆಕೆಯನ್ನು 'ಚೀನಾದವಳು' ಎಂದು ಬರೆದುಕೊಂಡರು. 1963ರಲ್ಲಿ ಚೀನಾ ಹಡಗುಗಳನ್ನು ಕಳಿಸಿದಾಗ ಸುಮಾರು 2,400 ಜನ ಅಲ್ಲಿಗೆ ಹೋದರು. ಅವರಲ್ಲಿ ಎಷ್ಟೋ ಮಂದಿ ಆ ದೇಶವನ್ನು ಕಂಡದ್ದೇ ಆಗ. ಇದನ್ನು 'ವಾಪಸು ಕಳಿಸಿದರು' ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಅವರ ಮನೆ, ಅಂಗಡಿಗಳು ಏನಾದವು?
– ಓದುಗರು, ಹುಬ್ಬಳ್ಳಿ

ಉತ್ತರ: ಕೆಲವು ಹರಾಜಾದವು, ಕೆಲವು ಶತ್ರು ಆಸ್ತಿ ಪಾಲಕರ, ಅಂದರೆ ಶತ್ರುದೇಶದವರದೆಂದು ಪರಿಗಣಿಸಿದ ಆಸ್ತಿಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಧಿಕಾರಿಯ, ವಶಕ್ಕೆ ಹೋದವು. 1968ರ ಶತ್ರು ಆಸ್ತಿ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ವಾರಸುದಾರ ಭಾರತೀಯನೇ ಆಗಿದ್ದರೂ ಅಂಥ ಆಸ್ತಿ ಅವನಿಗೆ ಬಾರದು. ಸಿವಿಲ್ ಕೋರ್ಟಿನಲ್ಲಿ ದಾವೆಯನ್ನೂ ಹೂಡುವಂತಿಲ್ಲ. ವಶಪಡಿಸಿಕೊಂಡ ಆದೇಶ ಕೈಸೇರಿದ ಅಥವಾ ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ, ಯಾವುದು ಮೊದಲೋ ಅದರಿಂದ, 30 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಮನವಿ ಕೊಡಬೇಕು. ಅಲ್ಲಿ ಸೋತರೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಗೆಜೆಟ್ ನೋಡುವವರು ಯಾರು? ಹೀಗಾಗಿ ಗಡುವು ಮುಗಿದದ್ದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಮಣಿಪುರದ ಹುಡುಗನೊಬ್ಬನಿದ್ದಾನೆ. ಗಡಿಯಲ್ಲಿ ಗಲಾಟೆಯಾದಾಗಲೆಲ್ಲ ಬೀದಿಯಲ್ಲಿ ಅವನನ್ನು 'ಚೀನಾದವನೇ' ಎಂದು ಬೈಯುತ್ತಾರೆ. ದೂರು ಕೊಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಖಂಡಿತ ಕೊಡಬಹುದು. ಆದರೆ ದೂರಿನ ಬರವಣಿಗೆಯಲ್ಲೇ ಎಷ್ಟೋ ಪ್ರಕರಣಗಳು ಸೊರಗುತ್ತವೆ. 'ಅವಾಚ್ಯವಾಗಿ ಬೈದರು' ಎಂದಷ್ಟೇ ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 352ನೇ ಸೆಕ್ಷನ್, ಅಂದರೆ ಬರೀ ಅವಮಾನವಾಗುತ್ತದೆ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಬೈದ ಪದಗಳನ್ನು ಬೈದ ಭಾಷೆಯಲ್ಲೇ ಬರೆಯಿರಿ. ಜಾಗ, ಹೊತ್ತು, ಸುತ್ತ ಯಾರಿದ್ದರು ಎಂಬುದನ್ನು ಬಿಡಬೇಡಿ. ಜನಾಂಗದ ಮೇಲೆ ದ್ವೇಷ ಕೆರಳಿಸುವ ಮಾತಾಗಿದ್ದರೆ 196ನೇ ಸೆಕ್ಷನ್ ಹಾಕಲು ಕೇಳಿ. ಅದರಡಿ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆಯೇ ಪೊಲೀಸರು ಎಫ್‌ಐಆರ್ ದಾಖಲಿಸಬಹುದು.

ಹುಡುಗ ನಾಗಾ ಅಥವಾ ಕುಕಿ ಆಗಿದ್ದರೆ ಪರಿಶಿಷ್ಟ ಪಂಗಡದವನು. ಬುಡಕಟ್ಟಿನ ಕಾರಣಕ್ಕೆ, ಸಾರ್ವಜನಿಕರ ಕಣ್ಣೆದುರು ಅವಮಾನಿಸಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಕೇಳಬಹುದು. ಮೈತೇಯಿ ಆಗಿದ್ದರೆ ಸಾಮಾನ್ಯವಾಗಿ ಆ ದಾರಿಯಿಲ್ಲ. ವಿಡಿಯೊ ಇದ್ದರೆ ಅದನ್ನು ತೆಗೆದ ಫೋನನ್ನೇ ಜೋಪಾನ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ದಾಟಿಸಿದ ಪ್ರತಿಯನ್ನು ಮಾತ್ರ ಇಟ್ಟುಕೊಂಡರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ, ವಿಡಿಯೊ ಯಾವ ಸಾಧನದ್ದೆಂದು ತಿಳಿಸುವ ಪ್ರಮಾಣಪತ್ರ ಕೊಡುವುದು ಕಷ್ಟವಾಗುತ್ತದೆ.

'ನಮ್ಮ ಸರಹದ್ದಲ್ಲ' ಎಂದು ಠಾಣೆಯವರು ಸಾಗಹಾಕಿದರೆ ಹೊರಟು ಬರಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಮ್ಯಾಜಿಸ್ಟ್ರೇಟರ ಅನುಮತಿ ಬೇಕಿಲ್ಲದ 196ರಂಥ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆದರೂ ಒಪ್ಪದಿದ್ದರೆ ದೂರಿನ ಸಾರವನ್ನು ಬರೆದು ಎಸ್‌ಪಿಗೆ, ಬೆಂಗಳೂರು ನಗರದಲ್ಲಾದರೆ ಡಿಸಿಪಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ರಸೀದಿ ಹುಷಾರಾಗಿಟ್ಟುಕೊಳ್ಳಿ, ಮುಂದೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವಾಗ ಅದು ಬೇಕಾಗುತ್ತದೆ. ಠಾಣೆಗೆ ಅವನೊಬ್ಬನನ್ನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ. ಬೈಗುಳ ನಿಮ್ಮ ಕಿವಿಗೆ ಬಿದ್ದಿದ್ದರೆ ಸಾಕ್ಷಿಯೆಂದು ನಿಮ್ಮ ಹೆಸರನ್ನೂ ಬರೆಸಿ.