ಬಯಲಾಟದ ಫೋಟೊ ಮಸುಕಾಗದಂತೆ ತೆಗೆಯುವುದು ಹೇಗೆ?

ರಾತ್ರಿ ಯಕ್ಷಗಾನದ ಫೋಟೊ ತೆಗೆದರೆ ವೇಷ ಅಲುಗಿರುತ್ತದೆ, ಮುಖ ಬಿಳಿಚಿರುತ್ತದೆ, ಹೊಸ ಕ್ಯಾಮರಾ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ದುಡ್ಡು ಹಾಕುವುದಿದ್ದರೆ ಲೆನ್ಸಿಗೆ ಹಾಕಿ. ಕ್ಯಾಮರಾ ಜೊತೆ ಬಂದ ಲೆನ್ಸನ್ನು ಜೂಮ್ ಮಾಡಿದರೆ ಸಾಮಾನ್ಯವಾಗಿ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. (ಎಫ್ ಅಂದರೆ ಲೆನ್ಸಿನ ಬಾಯಿಯ ಅಳತೆ, ಸಂಖ್ಯೆ ಸಣ್ಣದಾದಷ್ಟೂ ಬಾಯಿ ದೊಡ್ಡದು.) 50 ಎಂ.ಎಂ. ಎಫ್ 1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆದರೆ ಜೂಮ್ ಇಲ್ಲ, ಮುಂದಿನ ಸಾಲಲ್ಲೇ ಕೂರಬೇಕು.

ನಾನು ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಆಟಗಳಿಗೆ ಕ್ಯಾಮರಾ ಹಿಡಿದು ಹೋಗುವವನು. ಮೊದಲ ವರ್ಷ ಪತ್ತನಾಜೆವರೆಗೂ, ಅಂದರೆ ಆಟದ ತಿರುಗಾಟ ಮುಗಿಯುವ ದಿನದವರೆಗೂ ಓಡಾಡಿದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಒಂದು ಫೋಟೊವೂ ಸರಿ ಬರಲಿಲ್ಲ. ಅಕ್ಕಿ ಹಿಟ್ಟಿನಿಂದ ಮುಖಕ್ಕೆ ಇಡುವ ಬಿಳಿ ಚುಟ್ಟಿಯೆಲ್ಲಾ ಸುಣ್ಣ ಬಳಿದ ಗೋಡೆಯ ಹಾಗೆ! ಆಮೇಲೆ ಕಾರಣ ತಿಳಿಯಿತು. ರಂಗಸ್ಥಳದ ಹಿಂದೆ ಕತ್ತಲೆ. ಕ್ಯಾಮರಾ ಆ ಕತ್ತಲೆಯನ್ನೂ ಬೆಳಗಿಸಲು ಹೋಗಿ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಮುಖ ಬಿಳಿಚುವುದೂ ವೇಷ ಅಲುಗುವುದೂ ಅದರಿಂದಲೇ. ಎಕ್ಸ್‌ಪೋಶರನ್ನು (ಫೋಟೊದ ಬೆಳಕಿನ ಮಟ್ಟವನ್ನು) ಮೈನಸ್ 1ಕ್ಕೆ ಇಳಿಸಿ ನೋಡಿ. ಕತ್ತಲೆ ಕತ್ತಲೆಯಾಗಿಯೇ ಇರಲಿ. ಕಿರೀಟ ಮಿಂಚುವುದು ಅದರ ಎದುರಿಗೇ ಅಲ್ವಾ?

ಹಾರಿ ಹಾರಿ ಸುತ್ತುವ ಧಿಗಿಣಕ್ಕೆ ಶಟರ್ 1/500 ಸೆಕೆಂಡ್ ಬೇಕು. ಐಎಸ್‌ಒ, ಅಂದರೆ ಕ್ಯಾಮರಾ ಬೆಳಕನ್ನು ಹಿಡಿಯುವ ಚುರುಕನ್ನು 6400ಕ್ಕೆ ಏರಿಸಿ, ಹೆದರಬೇಡಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಫೋಟೊ ಉಳಿಯುತ್ತದೆ, ಅಲುಗಿದ್ದು ಉಳಿಯುವುದಿಲ್ಲ. ಇಲ್ಲೊಂದು ತೊಡಕಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕೆಲವು ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ವೇಗದ ಶಟರಿನಲ್ಲಿ ಮಾತ್ರ ಫೋಟೊ ಮೇಲೆ ಪಟ್ಟೆ ಬೀಳುತ್ತದೆ. ಹಾಗಾದರೆ ಶಟರನ್ನು 1/100ಕ್ಕೆ ಇಳಿಸಿ, ಕಾಯಿರಿ. ಸುತ್ತು ಮುಗಿದು ವೇಷ ಕೊನೆಯ ಹೆಜ್ಜೆ ಊರಿದಾಗ ಒಂದು ಕ್ಷಣ ಎಲ್ಲಾ ನಿಲ್ಲುತ್ತದೆ. ಚೆಂಡೆಗೆ ಕಿವಿಗೊಟ್ಟರೆ ಆ ಕ್ಷಣ ಬರುವುದು ಮೊದಲೇ ಗೊತ್ತಾಗುತ್ತದೆ. ನನಗೆ ಒಳ್ಳೆಯ ಫೋಟೊಗಳೆಲ್ಲಾ ಸಿಕ್ಕಿದ್ದು ಅಲ್ಲೇ. ಸುಮ್ನೆ ನೂರು ಸಲ ಒತ್ತುವುದಕ್ಕಿಂತ ಒಂದು ರಾತ್ರಿ ಬರೀ ಕೂತು ಆಟ ನೋಡಿ.

ಮೊಬೈಲ್ ಆದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಇಳಿಸಿ. ನೈಟ್ ಮೋಡ್ ಕುಣಿತಕ್ಕೆ ಆಗದು, ವೇಷ ಅರ್ಥ (ಮಾತು) ಹೇಳುತ್ತಾ ಕೂತಾಗ ನಡೆಯುತ್ತದೆ.

ಫ್ಲ್ಯಾಶ್ ದಯವಿಟ್ಟು ಬೇಡ. ಭಾರದ ಕಿರೀಟ ಹೊತ್ತು ಸುತ್ತುವವರ ಕಣ್ಣಿಗೆ ಅದು ಹೊಡೆದರೆ ಅಪಾಯ.

ವೇಷ ಕಟ್ಟುವ ಚೌಕಿಗೂ ಹೋಗಿ, ಕೇಳಿಕೊಂಡೇ ಹೋಗಿ. ಚುಟ್ಟಿ ಇಡುವಾಗ ವೇಷಧಾರಿ ಬಹಳ ಹೊತ್ತು ಅಲುಗದೆ ಕೂರುತ್ತಾರೆ. ಕನ್ನಡಿ ಹತ್ತಿರದ ದೀಪ ಒಂದೇ ಸಾಕು, ಆ 50 ಎಂ.ಎಂ. ಲೆನ್ಸಿನಲ್ಲಿ 1/60ಕ್ಕೆ ಚಂದ ಬರುತ್ತದೆ.