ಅಮಿಯೋಡಾರೋನ್ ಲೇಖನ: ಅಯೋಡಿನ್‌ನಿಂದ ಶುರು ಮಾಡಿ

ನಮಸ್ಕಾರ,

ಎದೆಬಡಿತ ತಾಳ ತಪ್ಪಿದಾಗ ಕೊಡುವ ಅಮಿಯೋಡಾರೋನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ.

ಮೊದಲ ಎರಡು ಪುಟ ಹೃದಯದ ಗುಣಗಾನಕ್ಕೇ ಹೋಗಿದೆ. ಔಷಧ ಬರುವುದು ಮೂರನೇ ಪುಟದಲ್ಲಿ, ಅದೂ ಎರಡು ಸಾಲುದ್ದದ ರಾಸಾಯನಿಕ ಹೆಸರಿನ ಜೊತೆ. ಅದನ್ನು ಯಾರು ಓದುತ್ತಾರೆ? ನಾನಂತೂ ಹಾರಿಸಿದೆ. ಬೆಂಜೋಫ್ಯೂರಾನ್ ಎಂಬ ಜೋಡಿ ಉಂಗುರ, ಪಕ್ಕದ ಇನ್ನೊಂದು ಉಂಗುರದ ಮೇಲೆ ಎರಡು ಅಯೋಡಿನ್ ಪರಮಾಣು, ತುದಿಗೆ ಸಾರಜನಕ ಇರುವ ಬಾಲ. ಇಷ್ಟು ಹೇಳಿದರೆ ಸಾಕು.

ಆ ಅಯೋಡಿನ್‌ಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ! ಕಥೆ ಇರುವುದೇ ಅಲ್ಲಿ. ಔಷಧದ ತೂಕದಲ್ಲಿ ಸುಮಾರು ಶೇ. 37 ಅಯೋಡಿನ್. ಅಂದರೆ 200 ಮಿ.ಗ್ರಾಂ ಮಾತ್ರೆಯಲ್ಲಿ ಹತ್ತಿರ ಹತ್ತಿರ 75 ಮಿ.ಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಬಿಡುಗಡೆಯಾದರೂ 7 ಮಿ.ಗ್ರಾಂ ಆಯಿತು. ನಮಗೆ ದಿನಕ್ಕೆ ಬೇಕಿರುವುದು 0.15 ಮಿ.ಗ್ರಾಂ ಅಷ್ಟೇ. ಅಯೋಡಿನ್ ಬಳಸಿ ಹಾರ್ಮೋನ್ ತಯಾರಿಸುವ ಥೈರಾಯ್ಡ್ ಗ್ರಂಥಿಯ ಕೆಲಸ ಕೆಲವರಲ್ಲಿ ಜಾಸ್ತಿಯಾಗುವುದು, ಕೆಲವರಲ್ಲಿ ಕುಗ್ಗುವುದು ಯಾಕೆ ಅಂತ ಈ ಲೆಕ್ಕ ನೋಡಿದವರೇ ಊಹಿಸುತ್ತಾರೆ.

ಆದರೆ ಎದೆಬಡಿತ ಸರಿಮಾಡುವುದೂ ಅಯೋಡಿನ್ನೇ ಎಂದು ಬರೆದಿದ್ದೀರಲ್ಲ, ಅದು ತಪ್ಪು. ಈ ಅಣು ಮುಖ್ಯವಾಗಿ ಹೃದಯದ ಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನು ತಡೆಯುತ್ತದೆ. ಆಗ ಕೋಶ ಮುಂದಿನ ಬಡಿತಕ್ಕೆ ಅಣಿಯಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಡ್ಡಾದಿಡ್ಡಿ ಬಡಿತಕ್ಕೆ ಅವಕಾಶ ಕಡಿಮೆ. ಬೇಕಾದರೆ ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಪಡೆದ, ಇದೇ ಜಾತಿಯ ಔಷಧ ಡ್ರೊನೆಡಾರೋನ್ ನೋಡಿ. ಅದರಲ್ಲಿ ಅಯೋಡಿನ್ ಇಲ್ಲವೇ ಇಲ್ಲ. ಬಲ ಸ್ವಲ್ಪ ಕಡಿಮೆ, ಆದರೂ ಕೆಲಸ ಮಾಡುತ್ತದೆ.

ಇನ್ನು ಅಡ್ಡಪರಿಣಾಮಗಳ ಪಟ್ಟಿ. ಕಣ್ಣು, ಚರ್ಮ, ಶ್ವಾಸಕೋಶ, ಲಿವರ್ ಅಂತ ಸುಮ್ನೆ ಸಾಲಾಗಿ ಜೋಡಿಸಿದ್ದೀರಿ. ಅಮಿಯೋಡಾರೋನ್ ಕೊಬ್ಬಿನಲ್ಲಿ ಕರಗುವ ಅಣು, ಅದಕ್ಕೇ ಅಂಗಾಂಗಗಳಲ್ಲಿ ಹೋಗಿ ಕೂರುತ್ತದೆ ಅಂತ ಒಂದು ಮಾತು ಹೇಳಿದ್ದರೆ ಪಟ್ಟಿಗೆ ಜೀವ ಬರುತ್ತಿತ್ತು, ಅಲ್ವಾ? "ನಿಲ್ಲಿಸಿದ ಎರಡೇ ದಿನಕ್ಕೆ ದೇಹದಿಂದ ಹೋಗುತ್ತದೆ" ಎಂಬ ಸಾಲನ್ನಂತೂ ಈಗಲೇ ಹೊಡೆದುಹಾಕಿ. ಅರ್ಧ ಇಳಿಯಲಿಕ್ಕೇ ಸರಾಸರಿ 58 ದಿನ ಬೇಕು. ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರು ನಿಮ್ಮ ಮಾತು ನಂಬಿದರೆ ಅಪಾಯ, ದೇಹದಲ್ಲಿ ಉಳಿದ ಅಮಿಯೋಡಾರೋನ್ ಅದರ ಬಲ ಹೆಚ್ಚಿಸುತ್ತಲೇ ಇರುತ್ತದೆ.

ಇತಿಹಾಸದ ಭಾಗ ಚೆನ್ನಾಗಿದೆ. ಈಜಿಪ್ಟಿನ ಗಿಡದಲ್ಲಿ ಸಿಗುವ ಕೆಲ್ಲಿನ್ ಎಂಬ ವಸ್ತುವಿನಿಂದ ಶುರುವಾಗಿ, 1961ರಲ್ಲಿ ಬೆಲ್ಜಿಯಂನಲ್ಲಿ ಎದೆನೋವಿಗೆಂದು ತಯಾರಾದ ಔಷಧ ಆಮೇಲೆ ಎದೆಬಡಿತಕ್ಕೆ ಬಂದದ್ದನ್ನು ಸೊಗಸಾಗಿ ಹೇಳಿದ್ದೀರಿ. ಅದನ್ನು ಮುಟ್ಟಬೇಡಿ.

800 ಪದದೊಳಗೆ ಮತ್ತೆ ಬರೆದು ಕಳಿಸಿ. ಡೋಸ್ ಎಷ್ಟು ತಗೊಳ್ಳಬೇಕು ಎಂಬ ಕೊನೆಯ ಪ್ಯಾರಾ ಬೇಡ, ಅದು ಡಾಕ್ಟರ್ ಕೆಲಸ.

ಇಂತಿ,
ಸಂಪಾದಕ